ಸಾಕುಪ್ರಾಣಿ ‘ಮೊದಲಿನ ಹಾಗಿಲ್ಲ’ ಅನ್ನಿಸಿದರೆ: ದೀರ್ಘಕಾಲದ ಒತ್ತಡ ಪತ್ತೆ ಮಾಡುವ ಕೈಪಿಡಿ

"ಡಾಕ್ಟ್ರೇ, ಇದು ಮೊದಲಿನ ಹಾಗಿಲ್ಲ." ನಾಯಿ, ಬೆಕ್ಕು, ಹಸು, ಕುದುರೆ, ಯಾವುದನ್ನೇ ಸಾಕಿರಲಿ, ಪಶುವೈದ್ಯರ ಮುಂದೆ ಮೊದಲು ಬರುವ ಮಾತು ಇದೇ. ಅದರ ಹಿಂದೆಯೇ ಇನ್ನೊಂದು: "ಟೆನ್ಷನ್ ಇರಬಹುದಾ? ಅದಕ್ಕೇನಾದ್ರೂ ಟೆಸ್ಟ್ ಇದೆಯಾ?"

ಟೆಸ್ಟ್ ಇದೆ, ಒಂದಲ್ಲ ಹಲವು. ಆದರೆ ತಿಂಗಳುಗಟ್ಟಲೆ ನಡೆದ ಒತ್ತಡವನ್ನು ಒಂದೇ ಅಂಕಿಯಲ್ಲಿ ಹೇಳಿಬಿಡುವ ಟೆಸ್ಟ್ ಇಲ್ಲ. ಒತ್ತಡದ ಹಾರ್ಮೋನು ಎಂದು ಹೆಸರಾದ ಕಾರ್ಟಿಸೋಲ್ ಎರಡೂ ಕಡೆ ಮೋಸ ಮಾಡುತ್ತದೆ. ಆರಾಮಾಗಿರುವ ಪ್ರಾಣಿಯಲ್ಲೂ ಏರಿರಬಹುದು, ಬಹುಕಾಲ ನೊಂದ ಪ್ರಾಣಿಯಲ್ಲಿ ಇಳಿದಿರಬಹುದು. ಅದಕ್ಕೇ ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ತಪಾಸಣೆ ಮುಗಿಸಿ, ಲ್ಯಾಬಿಗೆ ಕೊನೆಯಲ್ಲಿ ಹೋಗೋಣ. ಕ್ರಮ ತಿರುಗಿಸಿದರೆ ದುಡ್ಡೂ ಹೋಗುತ್ತದೆ, ಒಳಗಿರುವ ಕಾಯಿಲೆಯೂ ಕಣ್ತಪ್ಪುತ್ತದೆ.

ಇವು ಕಂಡರೆ ಓದುವುದು ಬಿಟ್ಟು ಹೊರಡಿ

ಕೆಲವು ಲಕ್ಷಣ ಒತ್ತಡದ ಹಾಗೇ ಕಾಣುತ್ತವೆ, ಆದರೆ ಅವು ತುರ್ತು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ ಎಂದರೆ ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕೂತರೆ ಅದರ ಕರುಳು ನಿಂತಿರಬಹುದು. ದಪ್ಪ ಬೆಕ್ಕು ಎರಡು ದಿನ ಪೂರ್ತಿ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಬಂದಂತಾಗಿ ಏನೂ ಹೊರಬರದಿರುವುದು, ಹಸುವಿನ ಎಡಪಕ್ಕೆ ಉಬ್ಬುವುದು, ಕುದುರೆ ಪಕ್ಕೆ ನೋಡಿಕೊಳ್ಳುತ್ತಾ ಬೆವರಿ ಹೊರಳುವುದು, ಬಾಯಿ ತೆರೆದು ಉಸಿರಾಡುವ ಬೆಕ್ಕು: ಇವು ಯಾವುದನ್ನೂ ‘ನೋಡೋಣ, ನಾಳೆ ಸರಿಹೋಗಬಹುದು’ ಎಂದು ಕಾಯಬೇಡಿ.

ಎಲ್ಲಕ್ಕೂ ಮೊದಲು: ಒಂದು ನೋಟ್‌ಬುಕ್

ಪಟ್ಟಿಯಲ್ಲಿ ಅತಿ ಅಗ್ಗದ ಸಾಧನ ಇದು. ನನ್ನ ಲೆಕ್ಕದಲ್ಲಿ ಅತಿ ನಂಬಿಕೆಯದೂ ಇದೇ. ಎರಡು ವಾರ, ದಿನಕ್ಕೆ ಒಂದು ಸಾಲು ಬರೆದರೂ ಸಾಕು: ಎಷ್ಟು ತಿಂದಿತು, ಎಷ್ಟು ಕುಡಿಯಿತು, ಎಲ್ಲಿ ಮಲಗಿತು, ಆಡಿತೋ ಇಲ್ಲವೋ, ಮಲ ಮೂತ್ರ ಹೇಗಿತ್ತು. ವಾರಕ್ಕೊಮ್ಮೆ ತೂಕ ನೋಡಿ. ನಾಯಿ, ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತವೆ ಎಂದು ಎಣಿಸಿ. ಅದು ಸಾಮಾನ್ಯವಾಗಿ 30ರ ಒಳಗಿರುತ್ತದೆ. ದಿನವೂ ಅದಕ್ಕಿಂತ ಜಾಸ್ತಿ ಇದ್ದರೆ ಒತ್ತಡದ ಮಾತು ಬದಿಗಿಟ್ಟು ಮೊದಲು ಹೃದಯ, ಶ್ವಾಸಕೋಶ ತೋರಿಸಿ.

ಪಕ್ಕದಲ್ಲೊಂದು ಖಾಲಿ ಕಾಲಂ ಬಿಡಿ. ಕಳೆದ ಮೂರು ತಿಂಗಳಲ್ಲಿ ಏನೇನು ಬದಲಾಯಿತು ಎಂದು ಅಲ್ಲಿ ಬರೆಯಿರಿ. ಹೊಸ ಪ್ರಾಣಿ ಬಂತಾ, ಜೊತೆಗಾರ ಹೋಯಿತಾ, ಕಟ್ಟುವ ಜಾಗ ಬದಲಾಯಿತಾ, ಮೇವು ಬದಲಾಯಿತಾ, ನೋಡಿಕೊಳ್ಳುವವರು ಬದಲಾದರಾ? ಕಾರಣ ಹೆಚ್ಚಾಗಿ ಈ ಕಾಲಂನಲ್ಲೇ ಸಿಗುತ್ತದೆ. ಬೇರೆ ಪ್ರಾಣಿಯ ಜೊತೆ ಹೋಲಿಸಬೇಡಿ. ಕೆಲವು ಹುಟ್ಟಾ ಪುಕ್ಕಲು, ಕೆಲವು ಹುಟ್ಟಾ ಸೋಮಾರಿ. ಆ ಪ್ರಾಣಿ ಹಿಂದೆ ಹೇಗಿತ್ತು, ಈಗ ಹೇಗಿದೆ ಎನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಬೆಕ್ಕು ತನ್ನ ಪೆಟ್ಟಿಗೆ ಬಿಟ್ಟು ಬೇರೆಲ್ಲೋ ಮೂತ್ರ ಮಾಡುತ್ತಿದೆ

ಹೇಗೆ ಮಾಡುತ್ತಿದೆ ಎಂದು ಮೊದಲು ನೋಡಿ. ನಿಂತು, ಬಾಲ ಎತ್ತಿ, ಗೋಡೆಗೆ ಚಿಮುಕಿಸಿದರೆ ಅದು ಗಡಿ ಗುರುತು. ಹೊರಗಿನ ಬೆಕ್ಕು ಕಿಟಕಿಯಲ್ಲಿ ಕಂಡರೂ ಹೀಗೆ ಮಾಡುತ್ತವೆ. ಕೂತು ನೆಲದ ಮೇಲೆ ಮಾಡಿದರೆ ಪೆಟ್ಟಿಗೆಯ ಕಡೆ ನೋಡಿ. ದಿನವೂ ಸ್ವಚ್ಛವಾಗುತ್ತಿದೆಯಾ? ಸದ್ದು ಮಾಡುವ ಯಂತ್ರದ ಪಕ್ಕದಲ್ಲಿದೆಯಾ? ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಪೆಟ್ಟಿಗೆ, ಬೇರೆ ಬೇರೆ ಜಾಗದಲ್ಲಿ ಇರಬೇಕು.

ಇದಿಷ್ಟು ಸರಿ ಇದ್ದರೆ ಮೂತ್ರ ಪರೀಕ್ಷೆ. ರಕ್ತ ಇದೆ, ಆದರೆ ಸೋಂಕಿಲ್ಲ, ಕಲ್ಲಿಲ್ಲ ಎಂದು ಬಂದರೆ ಆಗ ಒತ್ತಡದ ಅನುಮಾನಕ್ಕೆ ಬಲ ಬರುತ್ತದೆ. ಕಾರಣ ಸಿಗದ ಈ ಮೂತ್ರಕೋಶದ ಉರಿಯೂತಕ್ಕೂ ಒತ್ತಡಕ್ಕೂ ನಂಟಿದೆ ಎನ್ನುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಆದರೆ ಇಂಥ ಬೆಕ್ಕುಗಳಲ್ಲಿ ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿಯನ್ನು ಚುಚ್ಚುಮದ್ದಿನಿಂದ ಕೆಣಕಿ ನೋಡಿದಾಗ ಹೊರಬಂದ ಕಾರ್ಟಿಸೋಲ್ ಹೆಚ್ಚಲ್ಲ, ಆರೋಗ್ಯವಂತ ಬೆಕ್ಕುಗಳಿಗಿಂತ ಕಮ್ಮಿ! ಕಾರ್ಟಿಸೋಲ್ ಒಂದನ್ನೇ ನೆಚ್ಚಿಕೊಂಡಿದ್ದರೆ ಈ ಬೆಕ್ಕುಗಳಿಗೆ ‘ಒತ್ತಡವಿಲ್ಲ’ ಎಂಬ ಸರ್ಟಿಫಿಕೇಟ್ ಸಿಗುತ್ತಿತ್ತು.

ನೆಕ್ಕಿ ನೆಕ್ಕಿ ಕೂದಲು ಹೋಗಿದೆ

ಹೊಟ್ಟೆ, ತೊಡೆಯ ಒಳಬದಿ ಬೋಳಾದ ಬೆಕ್ಕನ್ನು ನೋಡಿದ ಕೂಡಲೇ ‘ಮನಸ್ಸಿಗೆ ಬೇಜಾರು’ ಎಂದು ತೀರ್ಮಾನಿಸುವುದು ರೂಢಿ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ರೂಢಿಗೆ ಸರಿಯಾಗಿ ಪೆಟ್ಟು ಕೊಟ್ಟಿತು. ಮನಸ್ಸಿನ ಕಾರಣಕ್ಕೆ ಕೂದಲು ಕಳೆದುಕೊಂಡಿವೆ ಎಂದುಕೊಂಡಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ನೋಡಿದಾಗ 16ಕ್ಕೆ ಅಲರ್ಜಿಯಂಥ ದೈಹಿಕ ಕಾರಣವೇ ಸಿಕ್ಕಿತು. ಬರೀ ಮನಸ್ಸಿನ ಕಾರಣ ಇದ್ದದ್ದು 2 ಬೆಕ್ಕಿಗೆ ಮಾತ್ರ.

ಮನೆಯಲ್ಲೇ ಎರಡು ತಪಾಸಣೆ ಮಾಡಬಹುದು. ಬೋಳಾದ ಜಾಗದ ಮೇಲೆ ಕೂದಲಿನ ಎದುರು ದಿಕ್ಕಿಗೆ ಬೆರಳಾಡಿಸಿ. ಮೊಂಡು ಬ್ರಷ್ಷಿನ ಹಾಗೆ ಚುಚ್ಚಿದರೆ ಕೂದಲು ಮುರಿದಿದೆ, ಅಂದರೆ ಪ್ರಾಣಿಯೇ ನೆಕ್ಕಿ ಕತ್ತರಿಸಿದೆ. ನುಣ್ಣಗಿದ್ದರೆ ಬುಡದಿಂದಲೇ ಉದುರಿದೆ, ಅದಕ್ಕೆ ಬೇರೆ ಕಾರಣ ಹುಡುಕಬೇಕು. ಎರಡನೆಯದು, ಚಿಗಟದ ಬಾಚಣಿಗೆಯಿಂದ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಮಣ್ಣಾದರೆ ಹಾಗೇ ಇರುತ್ತದೆ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒಂದೂ ಚಿಗಟ ಕಣ್ಣಿಗೆ ಬೀಳದಿದ್ದರೂ ಈ ಕಲೆ ಸುಳ್ಳು ಹೇಳುವುದಿಲ್ಲ. ಅದಕ್ಕೆ ಮದ್ದು ಮಾಡಿದ ಮೇಲೂ ನೆಕ್ಕುವುದು ನಿಲ್ಲದಿದ್ದರೆ ಚರ್ಮದ ಪರೀಕ್ಷೆಗೆ ಕರೆದೊಯ್ಯಿರಿ. ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು.

ನಾಯಿ ಸುಮ್ನೆ ತೇಕುತ್ತದೆ, ರಾತ್ರಿ ಅಡ್ಡಾಡುತ್ತದೆ

ಸೆಖೆ ಇದೆಯಾ ನೋಡಿ. ಇಲ್ಲವೆಂದರೆ ನೋವಿನ ಕಡೆ ತಿರುಗಿ. ಮೆಟ್ಟಿಲು ಹತ್ತಲು ಹಿಂದೇಟು, ಮಲಗುವ ಮುನ್ನ ಹತ್ತು ಸಲ ಸುತ್ತುವುದು, ಮುಟ್ಟಿದರೆ ಗುರ್ರೆನ್ನುವುದು ಕಂಡರೆ ಸಂಧಿನೋವಿನ ಅನುಮಾನ ಪಡಬೇಕು. ತುಂಬ ನೀರು ಕುಡಿದು, ಹೊಟ್ಟೆ ಜೋತು, ಮೈಕೂದಲು ತೆಳುವಾಗಿದ್ದರೆ ಕುಷಿಂಗ್ ಕಾಯಿಲೆ ಇರಬಹುದು. ಅದರಲ್ಲಿ ಒತ್ತಡವಿಲ್ಲದೆಯೇ ಕಾರ್ಟಿಸೋಲ್ ವಿಪರೀತವಾಗುತ್ತದೆ. ಮುದಿ ನಾಯಿ ರಾತ್ರಿ ಗುರಿಯಿಲ್ಲದೆ ತಿರುಗಿ, ಮೂಲೆಗೆ ಮುಖ ಮಾಡಿ ನಿಂತರೆ ಮೆದುಳಿನ ಮುಪ್ಪು ಕಾರಣವಿರಬಹುದು.

ಇವೆಲ್ಲ ಇಲ್ಲವೆಂದಾದರೆ ಫೋನನ್ನು ರೆಕಾರ್ಡಿಂಗಿಗಿಟ್ಟು ಹೊರಗೆ ಹೋಗಿ. ಒಂಟಿತನದ ಗಾಬರಿ ಇದ್ದರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಕಾಣುತ್ತದೆ: ಬಾಗಿಲ ಬಳಿ ಓಡಾಟ, ಗೋಳು, ಜೊಲ್ಲು. ಬರೀ ಬೇಸರಕ್ಕೆ ಚಪ್ಪಲಿ ಕಡಿಯುವ ನಾಯಿ ಹಾಗಲ್ಲ, ಮೊದಲು ಒಂದು ನಿದ್ದೆ ತೆಗೆದು ಆಮೇಲೆ ಕೆಲಸ ಶುರು ಮಾಡುತ್ತದೆ.

ಹಸು ಹಾಲು ಇಳಿಸಿದೆ, ಮಲಗುವುದೂ ಕಮ್ಮಿ

ಕೆಚ್ಚಲು, ಗೊರಸು, ಮೈ ಬಿಸಿ, ಈ ಮೂರನ್ನು ನೋಡದೆ ಮುಂದೆ ಹೋಗಬೇಡಿ. ಕೆಚ್ಚಲು ಬಾವು ಮತ್ತು ಕುಂಟು ಹಾಲಿಗೂ ನೆಮ್ಮದಿಗೂ ಒಟ್ಟಿಗೇ ಕೊಡಲಿಪೆಟ್ಟು ಹಾಕುತ್ತವೆ. ನಡೆಯುವಾಗ ಬೆನ್ನು ಬಿಲ್ಲಾಗಿ ಬಾಗಿದರೆ, ತಲೆ ಮೇಲೆ ಕೆಳಗೆ ಆಡಿದರೆ ಕುಂಟು ಶುರುವಾಗಿದೆ ಎಂದೇ ಅರ್ಥ.

ಹಾಲು ಕರೆಯುವ ಹಸು ದಿನಕ್ಕೆ ಸುಮಾರು 12 ಗಂಟೆ ಮಲಗುತ್ತದೆ, 7ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಇಡೀ ದಿನ ಕಾವಲು ಕೂರಲು ಯಾರಿಗೆ ಪುರುಸೊತ್ತು ಅಲ್ವಾ? ಮೇವು ತಿಂದಾದ ಮೇಲಿನ ಹೊತ್ತಿನಲ್ಲಿ ನಾಲ್ಕೈದು ಸಲ ಇಣುಕಿದರೂ ಚಿತ್ರ ಸಿಗುತ್ತದೆ. ನಿಂತೇ ಇದ್ದು ಮೆಲುಕೂ ಇಲ್ಲದಿದ್ದರೆ ಮಲಗುವ ಜಾಗ ಪರೀಕ್ಷಿಸಿ. ಹೇಗೆಂದರೆ, ಅಲ್ಲಿ ನೀವೇ ಮಂಡಿಯೂರಿ ಧೊಪ್ಪನೆ ಕೂರಿ. ಮಂಡಿ ನೋಯುತ್ತಾ? ಅಷ್ಟು ಭಾರ ಹೊತ್ತ ಹಸುವಿಗೂ ನೋಯುತ್ತದೆ, ಅದು ಮೊದಲು ಊರುವುದೂ ಮುಂಗಾಲಿನ ಮಂಡಿಯನ್ನೇ. ಹತ್ತೆಣಿಸುವಷ್ಟು ಹೊತ್ತು ಹಾಗೇ ಇದ್ದು ಎದ್ದಾಗ ಬಟ್ಟೆ ಒದ್ದೆಯಾಗಿದ್ದರೆ ಹಾಸೂ ಒದ್ದೆ. ಇದಕ್ಕೆ ಯಾವ ಉಪಕರಣವೂ ಬೇಡ, ಆದರೂ ತಿಂಗಳುಗಟ್ಟಲೆ ಬಗೆಹರಿಯದ ಸಮಸ್ಯೆ ಇದೊಂದರಲ್ಲೇ ಬಯಲಾಗುವುದುಂಟು. ಪರೀಕ್ಷೆ ಮಾಡುವಾಗ ಹಸುಗಳನ್ನು ಆಚೆ ಕಟ್ಟಿರಿ. ಹೋರಿ ಇರುವ ಕಡೆ, ಹೊಸದಾಗಿ ಕರು ಹಾಕಿದ ಹಸುವಿನ ಹತ್ತಿರ ಒಬ್ಬರೇ ಹೋಗಬೇಡಿ.

ನೆರಳಲ್ಲಿ ನಿಂತ ಹಸು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಕಾರಣ ಹೆಚ್ಚಾಗಿ ಸೆಖೆ. ಜ್ವರ ಇಲ್ಲವೆಂದು ಖಚಿತ ಮಾಡಿಕೊಂಡು ಗಾಳಿ, ನೀರು, ನೆರಳಿನ ಕಡೆ ಗಮನ ಕೊಡಿ.

ಕುದುರೆ ಮರ ಕಚ್ಚಿ ಗಾಳಿ ಎಳೆಯುತ್ತದೆ, ನಿಂತಲ್ಲೇ ತೂಗುತ್ತದೆ

ಹೊಟ್ಟೆಹುಣ್ಣು ಇದೆಯಾ, ಒಣಹುಲ್ಲು ಸಾಕಷ್ಟು ಹೊತ್ತು ಸಿಗುತ್ತಿದೆಯಾ, ಬೇರೆ ಕುದುರೆ ಕಣ್ಣಿಗೆ ಕಾಣುತ್ತದೆಯಾ ಎಂದು ನೋಡಿ. ಈ ಚಟ ಕಂಡಿದೆ ಎಂದ ಮಾತ್ರಕ್ಕೆ ಈಗ ಒತ್ತಡ ಇದೆ ಎಂದು ಹೇಳಲಾಗದು. ವರ್ಷಗಳ ಹಿಂದೆ ಕೆಟ್ಟ ಜಾಗದಲ್ಲಿ ಅಂಟಿದ್ದು ಒಳ್ಳೆಯ ಜಾಗಕ್ಕೆ ಬಂದ ಮೇಲೂ ಉಳಿಯುತ್ತದೆ. ಇತ್ತೀಚೆಗೆ ಜಾಸ್ತಿಯಾಗಿದೆಯಾ ಎನ್ನುವುದು ಮುಖ್ಯ. ಕೊರಳಿಗೆ ಪಟ್ಟಿ ಬಿಗಿದು ಬಲವಂತವಾಗಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಚಟ ನಿಂತಂತೆ ಕಂಡರೂ ಕಾರಣ ಹಾಗೇ ಇರುತ್ತದೆ.

ಕೋಳಿ ಗರಿ ಕಿತ್ತುಕೊಳ್ಳುತ್ತಿದೆ, ಹಂದಿಗಳು ಬಾಲ ಕಚ್ಚುತ್ತಿವೆ

ಕೋಳಿಗೂಡಿಗೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಕೂರುವ ಕೋಲಿನ ಅಡಿಭಾಗ, ಸಂದುಗಳನ್ನು ನೋಡಿ. ಕೆಂಪು ನುಸಿ ಹಗಲು ಅಡಗಿ ರಾತ್ರಿ ರಕ್ತ ಹೀರುತ್ತದೆ. ಅದಿಲ್ಲದಿದ್ದರೆ ಒಂದು ದೊಡ್ಡ ಗರಿಯನ್ನು ಬೆಳಕಿಗೆ ಹಿಡಿಯಿರಿ. ಅಡ್ಡಕ್ಕೆ ತೆಳು ಗೆರೆ ಕಂಡರೆ, ಆ ಭಾಗ ಬೆಳೆಯುವಾಗ ಹಕ್ಕಿಗೆ ಏನೋ ತೊಂದರೆಯಾಗಿತ್ತು, ಅದು ಪೋಷಣೆಯ ಕೊರತೆಯೂ ಇರಬಹುದು. ಲ್ಯಾಬಿನಲ್ಲಾದರೆ ಬಿಳಿ ರಕ್ತಕಣಗಳ ಎರಡು ಬಗೆ, ಹೆಟೆರೊಫಿಲ್ ಮತ್ತು ಲಿಂಫೋಸೈಟ್, ಇವುಗಳ ಅನುಪಾತ ನೋಡುತ್ತಾರೆ. 1983ರಿಂದ ಕೋಳಿಗಳಲ್ಲಿ ಬಳಕೆಯಲ್ಲಿರುವ ಅಳತೆ ಇದು. ಒತ್ತಡ ಮುಂದುವರಿದರೆ ಅನುಪಾತ ಏರುತ್ತದೆ, ಆದರೆ ಸೋಂಕಿದ್ದರೂ ಏರುತ್ತದೆ.

ಹಂದಿಗಳಲ್ಲಿ ರಕ್ತ ಬಂದದ್ದನ್ನು ಮೊದಲು ಬೇರೆ ಮಾಡಿ. ಆಮೇಲೆ ಇಕ್ಕಟ್ಟು, ಗಾಳಿ, ಮೇವಿಗೆ ನೂಕುನುಗ್ಗಲು, ಕೆದಕಲು ಹುಲ್ಲು ಇದೆಯಾ ಎಂದು ನೋಡಿ.

ತಂಟೆಯೇ ಇಲ್ಲ, ಆದರೆ ಮಂಕಾಗಿದೆ

ಪತ್ತೆ ಮಾಡಲು ಅತಿ ಕಷ್ಟದ ಲಕ್ಷಣ ಇದು. ಗಲಾಟೆ ಮಾಡದ ಪ್ರಾಣಿಯನ್ನು ‘ಪಾಪ, ಸಾಧು’ ಎಂದು ಬಿಟ್ಟುಬಿಡುತ್ತೇವೆ. ಕತ್ತು ಬೆನ್ನಿನ ಮಟ್ಟಕ್ಕೆ ಇಳಿಸಿ, ಕಿವಿ ಆಡಿಸದೆ, ಕಣ್ಣು ನೆಟ್ಟು ಗೋಡೆ ನೋಡುತ್ತಾ ನಿಂತ ಕುದುರೆ ವಿಶ್ರಾಂತಿ ಪಡೆಯುತ್ತಿಲ್ಲ. ವಿಶ್ರಾಂತಿಯಲ್ಲಿ ಕಣ್ಣು ಅರೆಮುಚ್ಚಿರುತ್ತದೆ, ಒಂದು ಹಿಂಗಾಲು ಸಡಿಲವಾಗಿರುತ್ತದೆ.

ಇಂಥಲ್ಲಿ ಸಂಶೋಧಕರು ಒಂದು ಜಾಣ ಪರೀಕ್ಷೆ ಮಾಡುತ್ತಾರೆ. 2004ರಲ್ಲಿ ಇಲಿಗಳ ಮೇಲೆ ಇದರ ಮೊದಲ ರೂಪ ಬಂತು, 2010ರಲ್ಲಿ ನಾಯಿಗಳ ಮೇಲೆ ಬಟ್ಟಲಿಟ್ಟು ನೋಡಿದರು. ಕೋಣೆಯ ಒಂದು ಬದಿ ಬಟ್ಟಲಿಟ್ಟರೆ ಯಾವಾಗಲೂ ತಿಂಡಿ, ಇನ್ನೊಂದು ಬದಿ ಇಟ್ಟರೆ ಯಾವಾಗಲೂ ಖಾಲಿ. ನಾಯಿ ಇದನ್ನು ಕಲಿತ ಮೇಲೆ ಬಟ್ಟಲನ್ನು ನಡುವೆ ಇಡುತ್ತಾರೆ. ಓಡಿ ಬಂದರೆ ‘ಇದ್ದರೂ ಇರಬಹುದು’ ಎಂಬ ಆಸೆ, ಕಾಲೆಳೆಯುತ್ತಾ ಬಂದರೆ ‘ಎಲ್ಲಿರುತ್ತೆ ಬಿಡು’ ಎಂಬ ಮನಸ್ಸು. ಒಂಟಿಯಾಗಿ ಬಿಟ್ಟಾಗ ಹೆಚ್ಚು ಗಾಬರಿಯಾಗುವ ನಾಯಿಗಳು ನಡುವಿನ ಬಟ್ಟಲಿಗೆ ನಿಧಾನವಾಗಿ ಹೋದವು. ಮನೆಯಲ್ಲಿ ಇದನ್ನು ಸರಿಯಾಗಿ ಮಾಡುವುದು ಕಷ್ಟ. ಅದರ ಬದಲು ಪ್ರಾಣಿಗೆ ತುಂಬ ಇಷ್ಟದ ಆಟ ಅಥವಾ ತಿಂಡಿ ಒಂದನ್ನು ಆರಿಸಿ, ಅದಕ್ಕೆ ಎಷ್ಟು ಚುರುಕಾಗಿ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮಂಕು ವಾರ ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ. ಕಾಯಿಲೆ ಬಿದ್ದ ಪ್ರಾಣಿಯೂ ಮೊದಲು ಮಂಕೇ ಆಗುವುದು.

ರಕ್ತದಲ್ಲಿ ಕಾರ್ಟಿಸೋಲ್ ಜಾಸ್ತಿ ಬಂದಿದೆ

ರಕ್ತ ತೆಗೆದದ್ದು ಹೇಗೆ ಎಂದು ಕೇಳಿ. ಪ್ರಾಣಿಯನ್ನು ಹಿಡಿದು ಸುಮಾರು 3 ನಿಮಿಷದೊಳಗೆ ತೆಗೆಯದಿದ್ದರೆ, ಹಿಡಿದ ಗಾಬರಿಯೇ ರಿಪೋರ್ಟಿನಲ್ಲಿ ಬರುತ್ತದೆ. ಬಂಡಿಯಲ್ಲಿ ಬಂದು, ಅಪರಿಚಿತ ವಾಸನೆಯ ನಡುವೆ ಕಾದು ಕೂತ ಬೆಕ್ಕಿನ ರಕ್ತ ಆ ಬೆಳಗಿನ ಕಥೆ ಹೇಳುತ್ತದೆಯೇ ಹೊರತು ಕಳೆದ ತಿಂಗಳದ್ದಲ್ಲ. ಕುದುರೆ, ಹಂದಿಗಳಲ್ಲಿ ಬೆಳಿಗ್ಗೆ ಸಹಜವಾಗಿಯೇ ಜಾಸ್ತಿ ಇರುತ್ತದೆ. ಓಟ, ಮಿಲನದಂಥ ಖುಷಿಯ ಉದ್ರೇಕದಲ್ಲೂ ಏರುತ್ತದೆ. ಕೋಳಿಯಲ್ಲಿ ಒತ್ತಡದ ಮುಖ್ಯ ಹಾರ್ಮೋನು ಕಾರ್ಟಿಸೋಲ್ ಅಲ್ಲ, ಕಾರ್ಟಿಕೊಸ್ಟೆರೋನ್, ಆದ್ದರಿಂದ ಲ್ಯಾಬಿನವರು ಯಾವುದನ್ನು ಅಳೆದಿದ್ದಾರೆ ಎಂದೂ ನೋಡಿ.

ಬೆಕ್ಕಿನ ರಕ್ತದ ಸಕ್ಕರೆಯೂ ಗಾಬರಿಗೆ ಹೀಗೇ ಜಿಗಿಯುತ್ತದೆ. ಅದಕ್ಕೇ ವೈದ್ಯರು ಕೆಲವು ವಾರಗಳ ಸರಾಸರಿ ತೋರಿಸುವ ಫ್ರಕ್ಟೊಸಮೈನ್ ಕೂಡ ನೋಡುತ್ತಾರೆ. ಕಾರ್ಟಿಸೋಲಿಗೂ ಅಂಥದೊಂದು ಸರಾಸರಿ ಬೇಕು. ಅದು ರಕ್ತದಲ್ಲಿ ಸಿಗುವುದಿಲ್ಲ.

ಪ್ರಾಣಿ ನೊಂದಂತಿದೆ, ಕಾರ್ಟಿಸೋಲ್ ಮಾತ್ರ ಕಮ್ಮಿ

ಸ್ಟಿರಾಯ್ಡ್ ಕೊಡುತ್ತಿದ್ದೀರಾ ಎಂಬುದು ಮೊದಲ ಪ್ರಶ್ನೆ. ಮಾತ್ರೆ ಅಷ್ಟೇ ಅಲ್ಲ, ಕಿವಿಗೆ ಬಿಡುವ ಹನಿ, ಚರ್ಮದ ಮುಲಾಮು ಕೂಡ ದೇಹದ ಸ್ವಂತ ಕಾರ್ಟಿಸೋಲನ್ನು ತಗ್ಗಿಸಬಹುದು. ಟೆಸ್ಟ್ ಸರಿ ಬರಲಿ ಎಂದು ಸ್ಟಿರಾಯ್ಡನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಪ್ರಾಣಿ ಕುಸಿಯಬಹುದು. ನಾಯಿಗಳಲ್ಲಿ ಅಡ್ರಿನಲ್ ಗ್ರಂಥಿ ಸೊರಗುವ ಆಡಿಸನ್ ಕಾಯಿಲೆ ಇದ್ದರೂ ಕಮ್ಮಿ ಬರುತ್ತದೆ, ಅದಕ್ಕೆ ವೈದ್ಯರು ಗ್ರಂಥಿಯನ್ನು ಚುಚ್ಚುಮದ್ದಿನಿಂದ ಕೆಣಕಿ ನೋಡುವ ಪ್ರಚೋದನಾ ಪರೀಕ್ಷೆ ಮಾಡುತ್ತಾರೆ.

ಇವೆರಡೂ ಇಲ್ಲವೆಂದರೆ, ದೇಹ ಬಹುಕಾಲದ ಒತ್ತಡಕ್ಕೆ ಸ್ಪಂದಿಸುವುದನ್ನೇ ತಗ್ಗಿಸಿಕೊಂಡಿರಬಹುದು. ಕುದುರೆಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಥಿತಿ ಕೆಟ್ಟಿದ್ದ ಕುದುರೆಗಳಲ್ಲೇ ರಕ್ತ ಮತ್ತು ಲದ್ದಿಯ ಅಳತೆ ಕಮ್ಮಿ ಕಂಡಿತ್ತು. ಕಮ್ಮಿ ಅಂಕಿ ನೋಡಿ ನಿಟ್ಟುಸಿರು ಬಿಡಬೇಡಿ.

ಸಗಣಿ, ಹಿಕ್ಕೆಯ ರಿಪೋರ್ಟ್ ಏರುಪೇರಾಗುತ್ತಿದೆ

ದೇಹದಲ್ಲಿ ಒಡೆದ ಕಾರ್ಟಿಸೋಲಿನ ಅಂಶ ಸಗಣಿಯಲ್ಲೂ ಹೊರಬರುತ್ತದೆ, ಲ್ಯಾಬಿನವರು ಅದನ್ನು ಅಳೆಯುತ್ತಾರೆ. ಪ್ರಾಣಿಯನ್ನು ಮುಟ್ಟದೆ ಮಾದರಿ ಸಿಗುತ್ತದೆ ಎನ್ನುವುದು ಇದರ ದೊಡ್ಡ ಅನುಕೂಲ. ಆದರೆ ಇದು ತೋರಿಸುವುದು ಕರುಳು ದಾಟಲು ಹಿಡಿದಷ್ಟು ಹೊತ್ತಿನ ಹಿಂದಿನ ಸ್ಥಿತಿ. ಹಸು, ಕುರಿಯಲ್ಲಿ ಸುಮಾರು ಅರ್ಧ ದಿನ, ಕುದುರೆಯಲ್ಲಿ ಒಂದು ದಿನ, ಹಂದಿಯಲ್ಲಿ ಎರಡು ದಿನ. ಒಂದು ಮಾದರಿಯಿಂದ ಏನೂ ಗೊತ್ತಾಗದು, ಹಲವು ದಿನ ತೆಗೆಯಬೇಕು. ಏರುಪೇರಿಗೆ ಹೆಚ್ಚಿನ ಸಲ ಕಾರಣ ಬಿಸಿಲಲ್ಲಿ ಬಿಟ್ಟ ಮಾದರಿ. ಬ್ಯಾಕ್ಟೀರಿಯಾ ಅದನ್ನು ಬದಲಿಸುತ್ತಲೇ ಇರುತ್ತವೆ. ಬಿದ್ದ ಕೂಡಲೇ ಕೈಗವಸು ಹಾಕಿ ಎತ್ತಿ, ಚೆನ್ನಾಗಿ ಕಲಸಿ, ಸ್ವಲ್ಪ ತೆಗೆದು ಫ್ರೀಜರಿಗೆ ಹಾಕಿ. ಊಟದ ಸಾಮಾನಿನ ಜೊತೆ ಬೇಡ.

ಕೂದಲಿನ ಅಳತೆ ಲಕ್ಷಣಕ್ಕೆ ಹೊಂದುತ್ತಿಲ್ಲ

ತಿಂಗಳುಗಳ ಸರಾಸರಿ ಬೇಕೆಂದರೆ ಕೂದಲೇ ಸರಿ. ಬೆಳೆಯುವಾಗ ರಕ್ತದಲ್ಲಿದ್ದ ಕಾರ್ಟಿಸೋಲ್ ಅದರೊಳಗೆ ಸೇರುತ್ತದೆ. 2019ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಮಾಲೀಕರ ಕೂದಲನ್ನು ಹೀಗೇ ಅಳೆದರು. ಮಾಲೀಕರಲ್ಲಿ ಹೆಚ್ಚಿದ್ದರೆ ನಾಯಿಯಲ್ಲೂ ಹೆಚ್ಚಿತ್ತು. ನಾಯಿಗೆ ಟೆನ್ಷನ್ ಎಂದು ಬರುವವರು ತಮ್ಮ ಕಡೆಯೂ ಒಮ್ಮೆ ನೋಡಿಕೊಂಡರೆ ತಪ್ಪಿಲ್ಲ.

ಅಳತೆ ಹೊಂದದಿರಲು ಸಾಮಾನ್ಯ ಕಾರಣ, ಕೂದಲು ಯಾವಾಗಿನದು ಎಂದೇ ಗೊತ್ತಿಲ್ಲದಿರುವುದು. ಮನುಷ್ಯರ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಪ್ರಾಣಿಗಳ ಮೈಕೂದಲು ಹಾಗಲ್ಲ, ಋತುವಿಗೆ ತಕ್ಕಂತೆ ನಿಲ್ಲುತ್ತದೆ, ಉದುರುತ್ತದೆ. ಆದ್ದರಿಂದ ಒಂದು ಜಾಗವನ್ನು ಮೊದಲು ಬೋಳಿಸಿ, ಹೊಸದಾಗಿ ಬೆಳೆದದ್ದನ್ನಷ್ಟೇ ಅದೇ ಜಾಗದಿಂದ ಮತ್ತೆ ತೆಗೆಯಬೇಕು. ಆಗ ಎರಡು ತಾರೀಖಿನ ನಡುವಿನ ಅವಧಿ ಪಕ್ಕಾ ಆಗುತ್ತದೆ.

ಉಳಿದವು ಸಣ್ಣ ಎಚ್ಚರಿಕೆಗಳು, ಆದರೆ ಬಿಡುವಂಥವಲ್ಲ. ಕೀಳಬೇಡಿ, ಚರ್ಮಕ್ಕೆ ಹತ್ತಿರವಾಗಿ ಮಷಿನ್ನಿನಿಂದ ಕತ್ತರಿಸಿ. ಪ್ರಾಣಿ ನೆಕ್ಕುವ ಜಾಗ, ಮೂತ್ರ ಸಗಣಿ ತಾಗುವ ಜಾಗ ಬೇಡ, ಹೊರಗಿನ ಕಾರ್ಟಿಸೋಲ್ ಅಂಟುತ್ತದೆ. ಗಾಯ, ತುರಿಕೆ ಇರುವಲ್ಲೂ ಬೇಡ. ಕಪ್ಪು ಬಿಳಿ ಮಚ್ಚೆಯ ಹಸುವಿನಲ್ಲಿ ಬಣ್ಣಕ್ಕೆ ತಕ್ಕಂತೆ ಅಂಕಿ ಬದಲಾಗುತ್ತದೆ, ಪ್ರತಿ ಸಲವೂ ಒಂದೇ ಬಣ್ಣದ ಕೂದಲು ತೆಗೆಯಿರಿ. ಒಣಗಿಸಿ, ಕಾಗದದ ಲಕೋಟೆಯಲ್ಲಿ ಕತ್ತಲಲ್ಲಿಡಿ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಬೇಡಿ, ತೊಳೆಯುವ, ಅರೆಯುವ, ಅಳೆಯುವ ವಿಧಾನ ಬೇರೆ ಬೇರೆ ಇರುತ್ತದೆ.

ಜಾಗ, ಹಾಸು, ಜೊತೆ, ದಿನಚರಿ, ಏನನ್ನು ಸರಿಪಡಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ ದಿನ ಬೋಳಿಸಿ, ಎರಡು ಮೂರು ತಿಂಗಳ ನಂತರ ಹೊಸ ಕೂದಲು ಕಳಿಸಿ. ರಿಪೋರ್ಟ್ ಬಂದಾಗ ನೋಟ್‌ಬುಕ್ಕನ್ನೂ ಪಕ್ಕದಲ್ಲಿಟ್ಟುಕೊಂಡು ವೈದ್ಯರ ಜೊತೆ ಕೂರಿ. ಎರಡೂ ಒಂದೇ ಕಡೆ ತೋರಿಸಿದರೆ ದಾರಿ ಸರಿಯಿದೆ. ಅಂಕಿ ಇಳಿದೂ ಪ್ರಾಣಿ ಇನ್ನೂ ತಿನ್ನುತ್ತಿಲ್ಲ, ಆಡುತ್ತಿಲ್ಲ ಎಂದರೆ ನೋಟ್‌ಬುಕ್ಕನ್ನೇ ನಂಬಿ, ನೋವು ಮತ್ತು ಕಾಯಿಲೆಯ ತಪಾಸಣೆಯನ್ನು ಮತ್ತೆ ಮೊದಲಿನಿಂದ ಮಾಡಿಸಿ.